ತಗಡಿನ ಒಂಬತ್ತು

ಮಂಡ್ಯದ ಗುತ್ತಲು ರಸ್ತೆ, ಗೊಬ್ಬರದಂಗಡಿಯ ಮೇಲಂತಸ್ತು,
ಸಂಜೆ ಏಳಕ್ಕೆ ನಮ್ಮ ವಾರ್ತೆ.
ಓದುವ ಮೇಜು ಮಾಡಿಕೊಟ್ಟವನು ಕಾಳಾಚಾರಿ:
ಹೆಬ್ಬೇವಿನ ಚೌಕಟ್ಟು, ಮೇಲೆ ಪ್ಲೈವುಡ್ಡು.
ಒಂದು ಕಾಲು ಅರ್ಧ ಬೆರಳು ಗಿಡ್ಡ ಎಂದೆವು.
"ನೆಲ್ವೇ ಸೊಟ್ಟ ಕನಪ್ಪ, ನನ್ ಕಾಲು ನೆಟ್ಟಗೈತೆ" ಅಂದ.
ನಿನ್ನೆಯ ವಾರ್ತೆಯ ಹಾಳೆ ಮಡಿಸಿ ಅಡಿಗಿಟ್ಟೆವು;
ಹನ್ನೊಂದು ವರ್ಷ
ಹಳೇ ಸುದ್ದಿಯ ಮೇಲೆ ನಿಂತು ಹೊಸದನ್ನು ಹೊತ್ತಿತು.

ಹಿಂದೆ ಒಂದು ಹಲಗೆ, ಹಲಗೆಗೆ ಕೊಕ್ಕೆ,
ಕೊಕ್ಕೆಗೆ ತಗಡಿನ ಅಂಕಿಗಳು:
ಕನ್ನಂಬಾಡಿಯ ಮಟ್ಟ, ಅಡಿಗಳಲ್ಲಿ.
ತೂಗುಹಾಕುವ ಕೆಲಸ ನನ್ನದು.
ಒಂಬತ್ತರ ತಗಡು ಎಂದೋ ಕಳೆದಿತ್ತು,
ಆರನ್ನೇ ತಲೆಕೆಳಗು ಮಾಡುತ್ತಿದ್ದೆ, ದಾರ ಕಟ್ಟಿ.
ಫ್ಯಾನು ತಿರುಗಿದರೆ ಒಂಬತ್ತು ಅಲ್ಲಾಡುತ್ತಿತ್ತು.
ಮದ್ದೂರಿನಿಂದ ಯಾರೋ ಫೋನು ಮಾಡಿ ಕೇಳಿದ್ದರು:
"ನೀರು ನಿಂತೈತಾ, ಇಳೀತಾ ಐತಾ, ಸರಿಯಾಗ್ ಹೇಳಿ."

ಆಮೇಲೆ ಬಟ್ಟೆ ಬಂತು.
ಗೋಡೆಯಿಂದ ನೆಲದವರೆಗೆ ಒಂದೇ ಹಸಿರು, ಮೂಲೆಯಿಲ್ಲ.
ಗದ್ದೆಯದಲ್ಲ, ವೀಳ್ಯದೆಲೆಯದಲ್ಲ,
ಯಾವ ಗಿಡವೂ ತನ್ನದೆನ್ನದ ಹಸಿರು.
ಮಾಲೀಕರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ
"ಈಗ ಏನ್ ಬೇಕಾದ್ರೂ ಕಟ್ಟು" ಎಂದರು.
ಕಟ್ಟಿದೆ. ಗಾಜಿನ ಮೇಜು, ಅಮೃತಶಿಲೆಯ ನೆಲ,
ಹಿಂದೆ ಮೂವತ್ತು ಅಂತಸ್ತಿನ ಊರು, ಮಿನುಗುವ ಕಿಟಕಿ.
ಯಾವೂರೆಂದು ನನಗೂ ಗೊತ್ತಿಲ್ಲ.
ಗುಂಡಿ ಒತ್ತಿದರೆ ಅಣೆಕಟ್ಟೆ ಏಳುತ್ತದೆ,
ನೀಲಿ ನೀರು ಓದುವವರ ಮೊಣಕಾಲಿಗೆ ಬರುತ್ತದೆ,
ಸೀರೆ ನೆನೆಯುವುದಿಲ್ಲ.

ಆಚಾರಿ ಒಮ್ಮೆ ನೋಡಲು ಬಂದ.
ಮಾನಿಟರಿನೊಳಗಿನ ಮೇಜಿನ ಕಾಲುಗಳನ್ನು ಬೆರಳಿಟ್ಟು ಎಣಿಸಿದ.
"ನಾಲ್ಕೂ ಒಂದೇ ಸಮ" ಎಂದ.
ಕಾಫಿ ಕುಡಿಯದೆ ಹೋದ.

ಸೋಮವಾರ ಪ್ರಭಾಮಣಿ ಓದಲು ಬಂದಳು,
ಏಳು ತಿಂಗಳು, ಹಿಂದಿನ ದಿನ ಸೀಮಂತ,
ಮುಂಗೈ ತುಂಬ ಹಸಿರು ಗಾಜಿನ ಬಳೆ.
ಪರದೆಯಲ್ಲಿ ಮುಂಗೈಯೇ ಇರಲಿಲ್ಲ.
ಅಂಗೈ ಬೇರೆ, ತೋಳು ಬೇರೆ,
ನಡುವೆ ಕನ್ನಂಬಾಡಿ.
"ತೆಗೀತೀರಾ?" ಎಂದೆ. ಕೇಳಬಾರದಿತ್ತು.
"ಹೆರಿಗೆ ಆಗೋಗಂಟ ಒಂದೂ ಒಡೀಬಾರ್ದು ಅಂದವ್ರೆ ನಮ್ಮತ್ತೆ.
ನೀನೇ ಏನಾರ ಮಾಡ್ಕೊ."
ಹಸಿರಿನ ಅಳತೆ ಇಳಿಸಿದರೆ ಬಳೆ ಮರಳುತ್ತದೆ,
ಜೊತೆಗೆ ಬಟ್ಟೆಯ ಸುಕ್ಕೂ,
ಮೂವತ್ತು ಅಂತಸ್ತಿನ ಊರು ತೂತು ಬೀಳುತ್ತದೆ.
ಏರಿಸಿದರೆ ಊರು ಉಳಿದು ಕೈ ಹೋಗುತ್ತದೆ.
ಏಳಕ್ಕೆ ಎರಡು ನಿಮಿಷ.
ಊರನ್ನು ಉಳಿಸಿದೆ.

ಅವಳು ಕೈಗಳನ್ನು ಮೇಜಿನ ಕೆಳಗೆ ಅಡಗಿಸಲು ಹೋದಳು.
ಮೇಜಿರಲಿಲ್ಲ.

ಆದರೆ ಮೈಕಿಗೆ ಬಣ್ಣ ತಿಳಿಯದು.
ನೂರ ಒಂಬತ್ತು ಅಡಿ, ಘಲ್,
ಒಳಹರಿವು ಕಡಿಮೆ, ಘಲ್,
ಹಾಳೆ ಮಗುಚಿದಾಗೆಲ್ಲ ಇಲ್ಲದ ಕೈಯ ಸದ್ದು
ಕಲ್ಲಹಳ್ಳಿಯ ಮನೆಗಳಿಗೆ, ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿಗೆ,
ಊಟದ ತಟ್ಟೆಗಳ ನಡುವೆ ಹೋಗಿ ಕೂತಿತು.
ಫೋನು ಬಡಿದುಕೊಂಡಿತು. ಅವಳ ಅತ್ತೆ ಇರಬೇಕು.
ನಾನು ಎತ್ತಲಿಲ್ಲ.

ವಾರ್ತೆ ಮುಗಿಸಿ ಕೆಳಗಿಳಿದೆ.
ಹಳೇ ಮೇಜು ಈಗ ಇಸ್ತ್ರಿ ಮಾಯಿಗಯ್ಯನದು,
ಮೇಲೆ ಕಂಬಳಿ ಹಾಸಿ ಅಂಗಿಗಳ ಸುಕ್ಕು ತೆಗೆಯುತ್ತಾನೆ.
ಕಾಲಿನಡಿ ಕಾಗದವಿಲ್ಲ, ಆದರೂ ಅಲ್ಲಾಡುವುದಿಲ್ಲ.
ಸೊಟ್ಟ ಇದ್ದದ್ದು ನಮ್ಮ ನೆಲವೇ.
ಗೋಡೆಗೆ ಅದೇ ಹಲಗೆ,
ನಾವು ಬಿಟ್ಟುಬಂದ ದಿನದ ಮಟ್ಟ ಇನ್ನೂ ನೇತಾಡುತ್ತಿತ್ತು.
"ಇವತ್ತೆಷ್ಟ್ಲಾ?" ಎಂದ.
ಒಂದು ಹಾಕಿದೆ, ಸೊನ್ನೆ ಹಾಕಿದೆ,
ಆರನ್ನು ತಿರುಗಿಸಿ ಅಂಗಿಯ ಗುಂಡಿದಾರದಿಂದ ಕಟ್ಟಿದೆ.
ಬಸ್ಸೊಂದು ಹಾದ ಗಾಳಿಗೆ ಒಂಬತ್ತು ತೂಗತೊಡಗಿತು.
ಮಾಯಿಗಯ್ಯ ಇದ್ದಿಲ ಪೆಟ್ಟಿಗೆಯನ್ನು ಬದಿಗಿಟ್ಟು
ಅದು ನಿಲ್ಲಲಿ ಎಂದು ನೋಡುತ್ತ ನಿಂತ.